ಪ್ರತಿಭೆಯ ಹರಾಜು, ಶಿಸ್ತಿನ ಲೆಕ್ಕ

2025ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಚಂಡೀಗಢದ ಮೈದಾನದಲ್ಲಿ ಮಹಾರಾಷ್ಟ್ರ ರಣಜಿ ತಂಡದ ಆರಂಭ ಆಟಗಾರನೊಬ್ಬ 156 ಎಸೆತಗಳಲ್ಲಿ 222 ಓಟಗಳನ್ನು ಗಳಿಸಿದ. ದ್ವಿಶತಕವನ್ನು ಮುಟ್ಟಲು ಆತನಿಗೆ 141 ಎಸೆತಗಳು ಸಾಕಾದವು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಅದೇ ತಂಡದ ಋತುರಾಜ್ ಗಾಯಕ್ವಾಡನಿಗೆ ಸಂದಾಗ, ಗಾಯಕ್ವಾಡ ಅದನ್ನು ಈತನೊಡನೆ ಹಂಚಿಕೊಂಡ. ಈ ಸುದ್ದಿಯನ್ನು ಓದಿದ ಮುಂಬಯಿಯ ಕ್ರಿಕೆಟ್ ಪ್ರೇಮಿಗಳಲ್ಲಿ ಸಂತೋಷ, ಸಂಕಟಗಳೆರಡೂ ಏಕಕಾಲಕ್ಕೆ ಹುಟ್ಟಿರಬೇಕು. ಏಕೆಂದರೆ ಆ ಆಟಗಾರ ಪೃಥ್ವಿ ಶಾ. ನಮ್ಮ ವಿರಾರಿನಲ್ಲಿ ಬೆಳೆದ ಹುಡುಗ. ಸರಿಯಾಗಿ ಒಂದು ವರ್ಷದ ಹಿಂದೆ, 2024ರ ಅಕ್ಟೋಬರಿನಲ್ಲಿ, ಮುಂಬಯಿ ತಂಡ ಆತನನ್ನು ಹೊರಗಿರಿಸಿತ್ತು.

ಪ್ರತಿಭಾವಂತನೂ ಹೌದು, ತೊಂದರೆಯವನೂ ಹೌದು ಎನಿಸಿಕೊಂಡ ಆಟಗಾರನನ್ನು ತಂಡವೊಂದು ತೆಗೆದುಕೊಳ್ಳಬೇಕೇ, ಬೇಡವೇ? ಮೇಲುನೋಟಕ್ಕೆ ಇದು ಆಯ್ಕೆ ಸಮಿತಿಯ ಕೋಣೆಯೊಳಗೆ ತೀರಬೇಕಾದ ಪ್ರಶ್ನೆ. ಹೊರನಾಡಿನ ಒಂದು ಕನ್ನಡ ಪತ್ರಿಕೆಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ಯಕ್ಷಗಾನ ಮೇಳದ ಯಜಮಾನ, ನಾಟಕ ತಂಡದ ನಿರ್ದೇಶಕ, ಹೋಟೆಲಿನ ಮಾಲಕ, ಶಾಲೆಯ ಮುಖ್ಯೋಪಾಧ್ಯಾಯ, ಕಡೆಗೆ ನಮ್ಮ ಸಂಘ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳು — ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆಯನ್ನು ಎದುರಿಸಿದವರೇ. ಕ್ರಿಕೆಟಿನಲ್ಲಿ ಅದು ಅಂಕಿ ಅಂಶಗಳೊಡನೆ, ಹಾಡಹಗಲಿನಲ್ಲಿ, ಎಲ್ಲರ ಕಣ್ಣೆದುರು ನಡೆಯುತ್ತದೆ. ಆದ್ದರಿಂದ ಅಲ್ಲಿ ಅದನ್ನು ಪರಿಶೀಲಿಸುವುದು ಸುಲಭ.

ಮೊದಲು ಆತನ ಏರಿಕೆಯನ್ನು ನೆನೆಯೋಣ. ಬಿಹಾರ ಮೂಲದ ಕುಟುಂಬ. ನಾಲ್ಕರ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ ಬಾಲ್ಯ. ಆಟದ ಸಾಮಾನಿನ ಚೀಲ ಹೊತ್ತು ತಂದೆಯೊಡನೆ ವಿರಾರಿನಿಂದ ಲೋಕಲ್ ಗಾಡಿಯಲ್ಲಿ ಬಾಂದ್ರಾಕ್ಕೆ ಬರುತ್ತಿದ್ದ ದಿನಗಳು. ಬೆಳಗಿನ ಹೊತ್ತು ಆ ಮಾರ್ಗದಲ್ಲಿ ಪ್ರಯಾಣ ಮಾಡಿದವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 2013ರ ನವೆಂಬರಿನಲ್ಲಿ, ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ ರಿಜ್ವಿ ಸ್ಪ್ರಿಂಗ್‌ಫೀಲ್ಡ್ ಶಾಲೆಯ ಪರವಾಗಿ ಈ ಹುಡುಗ ಆಝಾದ್ ಮೈದಾನದಲ್ಲಿ 330 ಎಸೆತಗಳಿಂದ 546 ಓಟಗಳನ್ನು ಗಳಿಸಿದಾಗ ಆತನಿಗೆ ಹದಿನಾಲ್ಕು ವರ್ಷ. 2017ರ ಜನವರಿಯಲ್ಲಿ ರಣಜಿ ಸೆಮಿಫೈನಲಿನಲ್ಲಿ ಮೊದಲ ಪಂದ್ಯ, ಅದರಲ್ಲೇ ಶತಕ. 2018ರ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ಹತ್ತೊಂಬತ್ತರ ಕೆಳಗಿನವರ ವಿಶ್ವಕಪ್ಪನ್ನು ಗೆದ್ದ ತಂಡಕ್ಕೆ ನಾಯಕ. ಆ ತಂಡದ ಗುರು ನಮ್ಮ ರಾಹುಲ್ ದ್ರಾವಿಡ್. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜಕೋಟದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್, 134 ಓಟ. ಹತ್ತೊಂಬತ್ತು ತುಂಬುವ ಮೊದಲೇ ಮುಂಬಯಿ ನಗರ ಆತನಿಗೆ ಮುಂದಿನ ತೆಂಡೂಲ್ಕರ್ ಎಂಬ ಪಟ್ಟವನ್ನು ಕಟ್ಟಿಬಿಟ್ಟಿತ್ತು.

ಇಳಿತದ ಕಥೆಯೂ ಅಷ್ಟೇ ವೇಗದ್ದು. 2019ರ ಜುಲೈಯಲ್ಲಿ ನಿಷೇಧಿತ ಔಷಧಾಂಶ ಸೇವನೆಗಾಗಿ ಎಂಟು ತಿಂಗಳ ಅಮಾನತು. ಕೆಮ್ಮಿನ ಔಷಧಿಯ ಮೂಲಕ ಅದು ದೇಹವನ್ನು ಸೇರಿತೆಂಬ ಆತನ ವಿವರಣೆಯನ್ನು ಮಂಡಳಿಯೇ ಒಪ್ಪಿಕೊಂಡಿತ್ತು. 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಆಡಿದ್ದು ಐದನೆಯ ಟೆಸ್ಟ್, ಆರನೆಯದು ಬರಲಿಲ್ಲ. 2021ರಲ್ಲಿ ವಿಜಯ್ ಹಜಾರೆ ಟ್ರೋಫಿಯಲ್ಲಿ 827 ಓಟ ಗಳಿಸಿ, ನಾಯಕನಾಗಿ ಮುಂಬಯಿಗೆ ಗೆಲುವನ್ನು ತಂದುಕೊಟ್ಟ. 2023ರ ಜನವರಿಯಲ್ಲಿ ಗುವಾಹಟಿಯಲ್ಲಿ ಅಸ್ಸಾಮಿನ ವಿರುದ್ಧ 379 ಓಟ. ರಣಜಿ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಮೊತ್ತ, 1948ರಲ್ಲಿ ಬಿ.ಬಿ. ನಿಂಬಾಳ್ಕರರು ಮಹಾರಾಷ್ಟ್ರದ ಪರವಾಗಿ ಗಳಿಸಿದ ಅಜೇಯ 443 ಮಾತ್ರ. ಅನಂತರ ಮೊಣಕಾಲಿನ ಗಾಯ, ಏರಿದ ಮೈತೂಕ, ತಪ್ಪಿದ ಅಭ್ಯಾಸ. 2024ರ ಅಕ್ಟೋಬರಿನಲ್ಲಿ ಮುಂಬಯಿ ರಣಜಿ ತಂಡದಿಂದ ಹೊರಗೆ. ದೇಹಸ್ಥಿತಿ ಮತ್ತು ಶಿಸ್ತೇ ಕಾರಣವೆಂದು ಪತ್ರಿಕೆಗಳು ಬರೆದವು. ಮುಂದಿನ ತಿಂಗಳ ಐಪಿಎಲ್ ಹರಾಜಿನಲ್ಲಿ 75 ಲಕ್ಷ ರೂಪಾಯಿಯ ಮೂಲಬೆಲೆಗೂ ಕೊಳ್ಳುವವರಿಲ್ಲ. ಡಿಸೆಂಬರಿನಲ್ಲಿ ಮುಷ್ತಾಕ್ ಅಲಿ ಟ್ರೋಫಿಯನ್ನು ಗೆದ್ದ ಮುಂಬಯಿ ತಂಡದಲ್ಲಿ ಆತ ಇದ್ದ. ಅದರ ಬೆನ್ನಿಗೇ ವಿಜಯ್ ಹಜಾರೆ ತಂಡದ ಪಟ್ಟಿಯಲ್ಲಿ ಆತನ ಹೆಸರಿರಲಿಲ್ಲ. ಆತನ ಪ್ರತಿಭೆ ದೇವರು ಕೊಟ್ಟದ್ದು, ಆದರೆ ದುಡಿಮೆಯ ರೀತಿಯನ್ನು ಆತನೇ ಸರಿಪಡಿಸಿಕೊಳ್ಳಬೇಕು, ಯಾರನ್ನೂ ಕೂಸಿನಂತೆ ಸಾಕುತ್ತ ಕೂರಲಾಗದು ಎಂಬ ಅರ್ಥದ ಮಾತನ್ನು ತಂಡದ ನಾಯಕ ಶ್ರೇಯಸ್ ಅಯ್ಯರ್ ಬಹಿರಂಗವಾಗಿಯೇ ಆಡಿದ.

2025ರ ಬೇಸಗೆ ಕಳೆಯುತ್ತಿದ್ದಂತೆ ಶಾ ಮುಂಬಯಿ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ಪಡೆದು, ಪುಣೆಯನ್ನು ಕೇಂದ್ರವಾಗುಳ್ಳ ಮಹಾರಾಷ್ಟ್ರ ತಂಡವನ್ನು ಸೇರಿದ. ಅದೇ ಹೊತ್ತಿನ ಒಂದು ಸಂದರ್ಶನದಲ್ಲಿ, ತಾನು ತಪ್ಪು ನಿರ್ಧಾರಗಳನ್ನು ಮಾಡಿದೆ, ಕ್ರಿಕೆಟಿಗೆ ಕೊಡುವ ಸಮಯವನ್ನು ಕಡಿಮೆ ಮಾಡಿದೆ, ತಪ್ಪು ಗೆಳೆಯರನ್ನು ಕಟ್ಟಿಕೊಂಡೆ ಎಂದು ಒಪ್ಪಿಕೊಂಡ.

ಈ ಕುರಿತು ನಮ್ಮಲ್ಲಿ ಎರಡು ಪಕ್ಷಗಳಿವೆ. ಹಾಲು ಕೊಡುವ ಹಸು ಒದ್ದರೂ ಸಹಿಸಿಕೊಳ್ಳಬೇಕು ಎನ್ನುವುದು ಒಂದು ಪಕ್ಷ. ಪ್ರತಿಭೆ ಅಪರೂಪದ್ದು, ಸಮಯಪಾಲನೆ ಯಾರಿಗಾದರೂ ಬರುತ್ತದೆ. ಐದು ಗಂಟೆಗೆ ಏಳುವವರು ಲಕ್ಷ ಮಂದಿ ಇದ್ದಾರೆ, 379 ಹೊಡೆಯುವವನು ಒಬ್ಬನೇ ಎಂಬುದು ಇವರ ವಾದ. ತಂಡವೆಂದರೆ ಆಸ್ಪತ್ರೆಯಲ್ಲ, ಸುಧಾರಣಾಗೃಹವೂ ಅಲ್ಲ ಎನ್ನುವುದು ಇನ್ನೊಂದು ಪಕ್ಷ. ಒಬ್ಬನಿಗಾಗಿ ನಿಯಮವನ್ನು ಸಡಿಲಿಸಿದರೆ ಉಳಿದ ಹದಿನಾಲ್ಕು ಮಂದಿ ನಿಯಮವನ್ನು ಏಕೆ ಪಾಲಿಸಬೇಕು ಎಂಬುದು ಇವರ ಪ್ರಶ್ನೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಪಕ್ಷಗಳು ಆಟಗಾರನ ಸ್ವಭಾವವನ್ನಷ್ಟೇ ವಿಚಾರಣೆಗೆ ಒಡ್ಡುತ್ತವೆ. ತಂಡದ ಸ್ವಭಾವವನ್ನು ವಿಚಾರಿಸುವವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲಿ.

ಇದನ್ನು ಸ್ಪಷ್ಟಪಡಿಸಲು ಮೈದಾನವನ್ನು ಬಿಟ್ಟು, ನಾನು ಕಣ್ಣಾರೆ ಕಂಡ ಒಂದು ಅಡುಗೆಮನೆಗೆ ಓದುಗರನ್ನು ಕರೆದೊಯ್ಯಬೇಕಾಗಿದೆ. ರಾತ್ರಿ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಉಪನಗರದ ಒಂದು ಹೋಟೆಲಿನ ಗಲ್ಲಾದಲ್ಲಿ ನಾನು ಕೂರುತ್ತಿದ್ದೆ. ಅಲ್ಲಿ ದೋಸೆ ಹುಯ್ಯುತ್ತಿದ್ದವರೊಬ್ಬರಿದ್ದರು. ಅವರ ಕೈಗುಣ ಅಸಾಧಾರಣವಾದುದು. ಸ್ಟೇಷನ್ನಿನ ಆಚೆ ಬದಿಯಿಂದ ಹಳಿ ದಾಟಿ ಗಿರಾಕಿಗಳು ಬರುತ್ತಿದ್ದುದು ಅವರ ದೋಸೆಗಾಗಿಯೇ. ಅವರಿಗೆ ಕುಡಿತದ ಚಟವಿತ್ತು. ಪಗಾರದ ಮರುದಿನ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ, ಗಿರಾಕಿಗಳ ನೂಕುನುಗ್ಗಲಿನ ಹೊತ್ತಿಗೆ, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಧಣಿಗಳು ಒಂದು ಮಾತನ್ನೂ ಆಡುತ್ತಿರಲಿಲ್ಲ. ಬದಲಿಗೆ, ಬೇರೆ ಹೋಟೆಲಿನವರು ಸೆಳೆದುಕೊಂಡಾರೆಂಬ ಭಯದಿಂದ ಮುಂಗಡದ ಮೇಲೆ ಮುಂಗಡ ಕೊಡುತ್ತಿದ್ದರು. ಆ ಮುಂಗಡದ ಹಣ ಎಲ್ಲಿಗೆ ಹೋಗುತ್ತಿತ್ತೆಂಬುದು ಎಲ್ಲರಿಗೂ ತಿಳಿದಿತ್ತು.

ಆ ಭಾನುವಾರಗಳಂದು ಕಾವಲಿಯ ಮುಂದೆ ನಿಲ್ಲುತ್ತಿದ್ದವನು ಪಾತ್ರೆ ತೊಳೆಯುವ ಒಬ್ಬ ಹುಡುಗ. ಕುಂದಾಪುರದ ಕಡೆಯವನು. ಅವನ ದೋಸೆ ಮೊದಲು ಹರಿಯುತ್ತಿತ್ತು, ಆಮೇಲೆ ಸರಿಯಾಯಿತು. ಸೋಮವಾರ ಭಟ್ಟರು ಬಂದೊಡನೆ ಅವನು ಮತ್ತೆ ಪಾತ್ರೆಗಳ ಬಳಿಗೆ. ಹೀಗೆ ಎರಡು ವರ್ಷ ಕಳೆಯಿತು. ಕಡೆಗೊಂದು ದಿನ ಭಟ್ಟರ ಕೈ ನಡುಗತೊಡಗಿತು. ದೋಸೆಯ ಅಂಚು ದಪ್ಪವಾಯಿತು, ಗಿರಾಕಿಗಳು ಗೊಣಗಿದರು. ಆ ವಾರವೇ ಧಣಿಗಳಿಗೆ ಶಿಸ್ತಿನ ನೆನಪು ಬಂತು. "ಇಷ್ಟು ವರ್ಷ ನಿನ್ನ ಕುಡಿತವನ್ನು ಸಹಿಸಿದೆ, ಇನ್ನು ಸಾಧ್ಯವಿಲ್ಲ" ಎಂದು ಎಲ್ಲರೆದುರು ಗದರಿಸಿ, ಲೆಕ್ಕ ಚುಕ್ತಾ ಮಾಡಿ ಕಳುಹಿಸಿದರು. ಪಾತ್ರೆಯ ಹುಡುಗ ಅಷ್ಟರಲ್ಲಿ ಬೇಸತ್ತು ಬೇರೆಡೆಗೆ ಹೋಗಿದ್ದ. ಭಟ್ಟರು ಮೆಟ್ಟಿಲಿಳಿಯುವಾಗ ನನ್ನೊಡನೆ ಆಡಿದ ಮಾತು ಇಂದಿಗೂ ನೆನಪಿದೆ: "ಮೊದಲ ತಿಂಗಳೇ ಹೀಗೆ ಬೈದಿದ್ದರೆ ಒಳ್ಳೆಯದಿತ್ತು, ಮಾರಾಯ."

ಪ್ರತಿಭಾವಂತರ ಬಗೆಗೆ ನಮ್ಮ ಸಂಸ್ಥೆಗಳು ನಡೆದುಕೊಳ್ಳುವ ರೀತಿಯೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ಕೈ ಓಡುತ್ತಿರುವಷ್ಟು ದಿನ ತಪ್ಪು ತಪ್ಪಲ್ಲ. ಅದು 'ಕಲಾವಿದನ ಮನೋಧರ್ಮ'. ಕೈ ಸೋತ ದಿನ ಅದೇ ತಪ್ಪು ಅಕ್ಷಮ್ಯ. ಯಕ್ಷಗಾನ ಮೇಳಗಳ ತಿರುಗಾಟವನ್ನು ಬಲ್ಲವರಿಗೂ ಇದು ಹೊಸತಲ್ಲ. ಪತ್ತನಾಜೆ ಕಳೆದೊಡನೆ ಮುಂದಿನ ತಿರುಗಾಟಕ್ಕೆ ಹೆಸರಾಂತ ವೇಷಧಾರಿಯ ಮನೆಬಾಗಿಲಲ್ಲಿ ಮುಂಗಡ ಹಿಡಿದು ನಿಲ್ಲುವ ಯಜಮಾನ, ಆತ ಚೌಕಿಗೆ ತೂರಾಡುತ್ತ ಬಂದ ರಾತ್ರಿ 'ಕಲಾವಿದರಿಗೆ ಅಸೌಖ್ಯ' ಎಂದು ಧ್ವನಿವರ್ಧಕದಲ್ಲಿ ಸಾರಿಸುತ್ತಾನೆ. ಸ್ವರ ಒಡೆದ ವರ್ಷ ಅದೇ ಯಜಮಾನನಿಗೆ ಮೇಳದ ಮರ್ಯಾದೆಯ ಚಿಂತೆ ಹುಟ್ಟುತ್ತದೆ.

ಹೀಗೆ, ಫಲ ನಿಂತ ಮೇಲೆ ನೆನಪಾಗುವ ಶಿಸ್ತನ್ನು ಶಿಸ್ತೆಂದು ಕರೆಯುವುದು ಸಾಧ್ಯವಿಲ್ಲ. ಅದು ವ್ಯಾಪಾರದ ಲೆಕ್ಕ.

ಈ ಅಳತೆಗೋಲಿನಿಂದ ಶಾ ಪ್ರಕರಣವನ್ನು ನೋಡಿದರೆ ನನ್ನ ನಿಲುವು ಇದು: 2024ರಲ್ಲಿ ಆತನನ್ನು ಹೊರಗಿಟ್ಟ ಮುಂಬಯಿಯ ನಿರ್ಧಾರ ಸರಿ, 2025ರಲ್ಲಿ ಆತನನ್ನು ಒಳಗೆ ಕರೆದ ಮಹಾರಾಷ್ಟ್ರದ ನಿರ್ಧಾರವೂ ಸರಿ. ಇವೆರಡರಲ್ಲಿ ವಿರೋಧವಿಲ್ಲ. ಮೊದಲನೆಯದು ನಿಯಮವೊಂದು ಇದೆಯೆಂದು ತೋರಿಸಿತು. ಎರಡನೆಯದು ನಿಯಮವನ್ನು ಮತ್ತೆ ಪಾಲಿಸಲು ಒಂದು ಸ್ಥಳವನ್ನು ಕೊಟ್ಟಿತು. ಲೋಪವಾದದ್ದು ಅದಕ್ಕೂ ಮೊದಲು. ಹದಿನೆಂಟರ ಹುಡುಗನ ಸುತ್ತ ಹಣ, ಹೊಗಳಿಕೆ, ಹಿಂಬಾಲಕರು ಸೇರುತ್ತಿದ್ದಾಗ, ಓಟಗಳು ಹೊಳೆಯಾಗಿ ಹರಿಯುತ್ತಿದ್ದಾಗ, "ನೀನು ಇಂದು ಅಭ್ಯಾಸಕ್ಕೆ ತಡವಾಗಿ ಬಂದೆ, ಆದ್ದರಿಂದ ಈ ಪಂದ್ಯದಲ್ಲಿ ಆಡುವುದಿಲ್ಲ" ಎಂದು ಹೇಳಿದವರು ಹೊರಗಿನಿಂದ ನೋಡುವ ನಮ್ಮ ಕಣ್ಣಿಗಂತೂ ಬೀಳಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಈಗ ಕೇಳುವವರು, ಗಿಡದ ಕಾಲದಲ್ಲಿ ತಾವು ಎಲ್ಲಿದ್ದೆವೆಂದು ತಮ್ಮನ್ನೇ ಕೇಳಿಕೊಳ್ಳಬೇಕು. ಆ ಪ್ರಶ್ನೆ ಪತ್ರಿಕೆಯವರಿಗೂ ಸಲ್ಲುತ್ತದೆ, ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿದ ನಮಗೂ ಸಲ್ಲುತ್ತದೆ.

ಮುಂಬಯಿಗೆ ಇದರ ಪಾಠ ಹಿಂದೆಯೇ ಸಿಕ್ಕಿತ್ತು. 1988ರ ಫೆಬ್ರವರಿಯಲ್ಲಿ ಅದೇ ಆಝಾದ್ ಮೈದಾನದಲ್ಲಿ, ಅದೇ ಹ್ಯಾರಿಸ್ ಶೀಲ್ಡಿನಲ್ಲಿ, ಶಾರದಾಶ್ರಮ ಶಾಲೆಯ ಇಬ್ಬರು ಹುಡುಗರು ಮುರಿಯದ ಜೊತೆಯಾಟದಲ್ಲಿ 664 ಓಟಗಳನ್ನು ಕೂಡಿಸಿದರು. ತೆಂಡೂಲ್ಕರರು 326, ವಿನೋದ್ ಕಾಂಬ್ಳಿಯವರು 349. ಕಾಂಬ್ಳಿಯವರು 1993ರಲ್ಲಿ ವಾಂಖೇಡೆಯಲ್ಲಿ ಇಂಗ್ಲೆಂಡಿನ ವಿರುದ್ಧ 224, ಮರುತಿಂಗಳು ದಿಲ್ಲಿಯಲ್ಲಿ ಜಿಂಬಾಬ್ವೆಯ ವಿರುದ್ಧ 227 ಗಳಿಸಿದರು. ಹದಿನಾಲ್ಕೇ ಇನಿಂಗ್ಸ್‌ಗಳಲ್ಲಿ ಸಾವಿರ ಟೆಸ್ಟ್ ಓಟಗಳನ್ನು ದಾಟಿದರು. ಹದಿನೇಳು ಟೆಸ್ಟ್, 54.20ರ ಸರಾಸರಿ, 1995ರ ನವೆಂಬರಿನಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ಟೆಸ್ಟ್ ಜೀವನ ಮುಗಿಯಿತು. ಅನಂತರವೂ ಅವರನ್ನು ಒಂದು ದಿನದ ಪಂದ್ಯಗಳಿಗೆ ಮತ್ತೆ ಮತ್ತೆ ಕರೆದರು, ಮತ್ತೆ ಮತ್ತೆ ಬಿಟ್ಟರು. ಕರೆದಾಗಲೂ ಬಿಟ್ಟಾಗಲೂ, ಮರಳಿ ಬರಲು ಏನು ಮಾಡಬೇಕೆಂಬ ದಾರಿಯನ್ನು ಯಾರೂ ತೋರಿಸಿದಂತೆ ಕಾಣಲಿಲ್ಲ. 2024ರ ಡಿಸೆಂಬರಿನಲ್ಲಿ ಶಿವಾಜಿ ಪಾರ್ಕಿನಲ್ಲಿ ಗುರು ರಮಾಕಾಂತ ಆಚ್ರೇಕರರ ಸ್ಮಾರಕದ ಅನಾವರಣದ ದಿನ, ಸೊರಗಿ ಕುಳಿತಿದ್ದ ಕಾಂಬ್ಳಿಯವರು ಹಳೆಯ ಗೆಳೆಯನ ಕೈಯನ್ನು ಹಿಡಿದುಕೊಂಡ ದೃಶ್ಯವನ್ನು ನಾವೆಲ್ಲ ಕಂಡೆವು, ಮರುಗಿದೆವು. ಅದೇ ತಿಂಗಳು ಶಾ ತಂಡದಿಂದ ಹೊರಬಿದ್ದ. ಎರಡು ಸುದ್ದಿಗಳನ್ನು ಜೊತೆಯಾಗಿಟ್ಟು ಓದಿದವರು ಎಷ್ಟು ಮಂದಿ?

ಇದಕ್ಕೆ ಪ್ರತಿಯಾಗಿ ನಮ್ಮ ಕರಾವಳಿಯ ಆಟಗಾರನೊಬ್ಬನ ಉದಾಹರಣೆಯನ್ನು ನೋಡೋಣ. 2019ರ ಜನವರಿಯಲ್ಲಿ ದೂರದರ್ಶನದ ಒಂದು ಕಾರ್ಯಕ್ರಮದಲ್ಲಿ ಮಹಿಳೆಯರ ಕುರಿತಾದ ಹಗುರ ಮಾತುಗಳ ಪ್ರಕರಣದಲ್ಲಿ ಹಾರ್ದಿಕ್ ಪಾಂಡ್ಯರೊಡನೆ ಕೆ.ಎಲ್. ರಾಹುಲ್ ಅವರನ್ನೂ ಆಸ್ಟ್ರೇಲಿಯಾ ಪ್ರವಾಸದ ನಡುವಿನಿಂದಲೇ ಮನೆಗೆ ಕಳುಹಿಸಲಾಯಿತು. ಅಮಾನತು ಕೆಲವೇ ದಿನಗಳದು. ಎರಡು ವಾರಗಳೊಳಗೆ ಅದನ್ನು ತೆರವುಗೊಳಿಸಿ, ರಾಹುಲ್‌ರನ್ನು ದ್ರಾವಿಡರ ಮಾರ್ಗದರ್ಶನದ ಭಾರತ 'ಎ' ತಂಡಕ್ಕೆ ತಿರುವನಂತಪುರಕ್ಕೆ ಕಳುಹಿಸಿದರು. ಏಪ್ರಿಲಿನಲ್ಲಿ ಮಂಡಳಿಯ ಓಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರು ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾ ಯೋಧರ ಹತ್ತು ಕುಟುಂಬಗಳಿಗೆ. ಉಳಿದ 10 ಲಕ್ಷ ಅಂಧರ ಕ್ರಿಕೆಟಿಗೆ. ಆ 'ಎ' ತಂಡದ ದಿನಗಳು ತಮಗೆ ನೆರವಾದವೆಂದು ರಾಹುಲ್ ಅವರೇ ಅನಂತರ ಹೇಳಿದ್ದಾರೆ. ಮೂರು ವರ್ಷಗಳ ಬಳಿಕ ಜೊಹಾನ್ಸ್‌ಬರ್ಗಿನಲ್ಲಿ ಅವರು ಭಾರತ ಟೆಸ್ಟ್ ತಂಡವನ್ನು ಮುನ್ನಡೆಸಿದರು.

ಎರಡು ತಪ್ಪುಗಳ ಸ್ವರೂಪ ಒಂದೇ ಅಲ್ಲ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ; ಒಂದು ದಿನದ ಬಾಯಿ ಜಾರಿಕೆ ಬೇರೆ, ವರ್ಷಗಳ ಅಭ್ಯಾಸದೋಷ ಬೇರೆ. ನಾನು ಗಮನ ಸೆಳೆಯುತ್ತಿರುವುದು ಕ್ರಮದ ರೀತಿಯತ್ತ. ಶಿಕ್ಷೆ ಒಡನೆಯೇ ಬಂತು, ಯಾವುದಕ್ಕೆಂದು ಎಲ್ಲರಿಗೂ ತಿಳಿಯಿತು, ಅದಕ್ಕೊಂದು ಕೊನೆಯಿತ್ತು, ಹೊರಗಿದ್ದಾಗ ಹೋಗಬೇಕಾದ ಜಾಗವೊಂದಿತ್ತು, ಅಲ್ಲಿ ಕಾದಿದ್ದ ಒಬ್ಬ ಹಿರಿಯರಿದ್ದರು. ಈ ಐದೂ ಇದ್ದುದರಿಂದ ಶಿಕ್ಷೆ ಮನುಷ್ಯನನ್ನು ಮುರಿಯಲಿಲ್ಲ.

ಆ 'ಕಾದಿರುವ ಹಿರಿಯ' ನಮ್ಮ ನಗರದ ಕ್ರಿಕೆಟಿನಲ್ಲಿ ಒಂದು ಕಾಲಕ್ಕೆ ವ್ಯವಸ್ಥೆಯೊಳಗೇ ಇದ್ದ. ಬ್ಯಾಂಕುಗಳು, ರೈಲ್ವೆ, ಟಾಟಾ, ಮಫತ್‌ಲಾಲ್, ನಿರ್ಲಾನ್‌ನಂಥ ಕಂಪೆನಿಗಳು ಆಟಗಾರರಿಗೆ ನೌಕರಿ ಕೊಟ್ಟು ಟೈಮ್ಸ್ ಶೀಲ್ಡಿನಲ್ಲಿ ಆಡಿಸುತ್ತಿದ್ದವು. ನಮ್ಮವರು ಅನೇಕರು ಆ ಕಚೇರಿಗಳಲ್ಲಿ ದುಡಿದವರು; ಪಕ್ಕದ ಮೇಜಿನ ರಣಜಿ ಆಟಗಾರ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಮಧ್ಯಾಹ್ನ ಮೈದಾನಕ್ಕೆ ಹೋಗುತ್ತಿದ್ದುದನ್ನು ಕಂಡವರು. ಆ ಪಗಾರ ದೊಡ್ಡದಾಗಿರಲಿಲ್ಲ. ಆದರೆ ಆಟಗಾರನಿಗೆ ಓಟ ಗಳಿಸದ ದಿನವೂ ಒಂದು ಕುರ್ಚಿ ಇರುತ್ತಿತ್ತು. ಓಟ ಗಳಿಸಿದ ದಿನವೂ ಒಬ್ಬ ಮೇಲಧಿಕಾರಿ ಇರುತ್ತಿದ್ದ. ಗಿರಣಿಗಳು ಮುಚ್ಚಿದವು, ಕಂಪೆನಿಗಳ ಆಸಕ್ತಿ ಬೇರೆಡೆಗೆ ಹೊರಳಿತು. ಅದರ ಸ್ಥಾನದಲ್ಲಿ ಹರಾಜು ಬಂತು. ದೇವಸ್ಥಾನದ ಬಾಳೆಗೊನೆಗೂ ಹಳೆಯ ಟೇಬಲು ಕುರ್ಚಿಗಳಿಗೂ ಬಳಸುತ್ತಿದ್ದ ಮಾತನ್ನು ಈಗ ಮನುಷ್ಯರಿಗೆ ಬಳಸಲು ನಮಗೆ ಸಂಕೋಚವಿಲ್ಲ. 2022ರ ಋತುವಿಗೆ ದಿಲ್ಲಿ ಕ್ಯಾಪಿಟಲ್ಸ್ ತಂಡ ಶಾನನ್ನು ಉಳಿಸಿಕೊಂಡದ್ದು ಏಳೂವರೆ ಕೋಟಿ ರೂಪಾಯಿಗೆ. 2025ರ ಡಿಸೆಂಬರಿನ ಹರಾಜಿನಲ್ಲಿ, ಮೊದಲ ಸುತ್ತಿನಲ್ಲಿ ಯಾರೂ ಕೇಳದ ಮೇಲೆ, ಅದೇ ದಿಲ್ಲಿ ತಂಡ ಆತನನ್ನು ಕೊಂಡದ್ದು 75 ಲಕ್ಷಕ್ಕೆ. ಸರಿಯಾಗಿ ಹತ್ತರಲ್ಲಿ ಒಂದು ಪಾಲು. ಬೆಲೆ ಕಟ್ಟುವುದು ಹರಾಜಿಗೆ ಗೊತ್ತು. ಬೆಳಗ್ಗೆ ಎದ್ದಿರಾ ಎಂದು ಕೇಳುವುದು ಅದರ ಕೆಲಸವಲ್ಲ.

ಕೇವಲ ಜನ ಸೇರುತ್ತಾರೆಂಬ ಆಸೆಯಿಂದ ಇಂಥ ಆಟಗಾರನನ್ನು ಕರೆತಂದರೆ ಏನಾಗುತ್ತದೆಂಬುದಕ್ಕೆ ಫುಟ್‌ಬಾಲಿನಲ್ಲಿ ಪ್ರಸಿದ್ಧ ನಿದರ್ಶನವೊಂದಿದೆ. 1979ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಹಿಬರ್ನಿಯನ್ ತಂಡ ಪಟ್ಟಿಯ ತಳದಲ್ಲಿತ್ತು. ಕುಡಿತದಿಂದ ಹಾಳಾಗಿದ್ದ ಮಹಾನ್ ಆಟಗಾರ ಜಾರ್ಜ್ ಬೆಸ್ಟ್‌ರನ್ನು ಅದು ಪಂದ್ಯಕ್ಕಿಷ್ಟು ಎಂದು ಹಣ ಗೊತ್ತುಮಾಡಿ ಕರೆಸಿತು. ಪ್ರೇಕ್ಷಕರ ಸಂಖ್ಯೆ ಹಲವು ಪಟ್ಟು ಏರಿತು. ಟಿಕೆಟಿನ ಹಣ ಬಂತು. ಬೆಸ್ಟ್ ಪಂದ್ಯಗಳನ್ನು ತಪ್ಪಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ತಂಡ ಅವರನ್ನು ತೆಗೆದುಹಾಕಿತು. ಕೆಲವೇ ದಿನಗಳಲ್ಲಿ ಮತ್ತೆ ಕರೆಸಿತು. ಋತುವಿನ ಕೊನೆಗೆ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಬೆಸ್ಟ್‌ರ ಕುಡಿತ ಬಿಡಲಿಲ್ಲ. ಕರಾರಿನಲ್ಲಿ ಆ ಮನುಷ್ಯನ ಜೀವಕ್ಕೆ ಜಾಗವಿರಲಿಲ್ಲ. ಇದ್ದದ್ದು ಆತನ ಹೆಸರಿಗೆ ಮಾತ್ರ.

ಹಾಗಾದರೆ ತಂಡ ಏನು ಮಾಡಬೇಕು? ತೆಗೆದುಕೊಳ್ಳಲಿ, ಆದರೆ ಕರಾರಿನ ಮೇಲೆ. ಮತ್ತು ಕರಾರು ಎರಡೂ ಕಡೆಯವರನ್ನು ಕಟ್ಟುವಂತಿರಲಿ. ಹಾಜರಿ, ದೇಹಸ್ಥಿತಿ, ನಡವಳಿಕೆಗಳ ನಿಯಮ ಲಿಖಿತವಾಗಿರಬೇಕು. ಆತನಿಗೂ ಹನ್ನೆರಡನೆಯ ಆಟಗಾರನಿಗೂ ಅದು ಒಂದೇ ಆಗಿರಬೇಕು. ತಪ್ಪಿದಾಗ ಶಿಕ್ಷೆ ಸಣ್ಣದಾಗಿ, ಆ ವಾರವೇ, ನಿನ್ನೆ ಶತಕ ಹೊಡೆದಿದ್ದರೂ ಬರಬೇಕು. ಆತನ ಓಟಗಳಿಂದ ಯಾವ ಲಾಭವೂ ಇಲ್ಲದ ಒಬ್ಬ ಹಿರಿಯರು ಆತನ ಹೊಣೆಯನ್ನು ಹೊರಬೇಕು. ಬೇಕಾದರೆ ವೈದ್ಯರ, ಮನೋವೈದ್ಯರ ನೆರವನ್ನು ನಾಚಿಕೆಯಿಲ್ಲದೆ ಪಡೆಯಬೇಕು. ಒಂದು ಋತುವಿನ ಅವಧಿ ನಿಗದಿಯಾಗಿರಬೇಕು. ಅದರ ಕೊನೆಯಲ್ಲಿ ಮುಂದುವರಿಸುವುದೋ ಬಿಡುವುದೋ ಎಂಬುದನ್ನು ಆತನನ್ನು ಎದುರಿಗೆ ಕೂರಿಸಿ ಹೇಳಬೇಕು. ಇಷ್ಟನ್ನು ಕೊಡಲಾಗದ ತಂಡ ಅಂಥವನನ್ನು ಮುಟ್ಟದಿರುವುದೇ ಲೇಸು. ಒಂದು ಗೆರೆಯನ್ನೂ ಇಲ್ಲಿಯೇ ಎಳೆದುಬಿಡುತ್ತೇನೆ. ತನ್ನ ಪ್ರತಿಭೆಯನ್ನು ತಾನೇ ಹಾಳುಮಾಡಿಕೊಳ್ಳುವವನ ಮಾತು ನಾನಾಡುತ್ತಿರುವುದು. ಇನ್ನೊಬ್ಬರ ಮೈಗೆ, ಮಾನಕ್ಕೆ ಕೈ ಹಾಕಿದವನ ವಿಚಾರಣೆ ಕಾನೂನಿನ ಕೆಲಸ. ಅಲ್ಲಿ ಓಟಗಳನ್ನು ತೂಕದ ತಟ್ಟೆಯಲ್ಲಿ ಇಡುವ ಹಕ್ಕು ಯಾವ ತಂಡಕ್ಕೂ ಇಲ್ಲ.

ಮಹಾರಾಷ್ಟ್ರ ತಂಡಕ್ಕೂ ಪರೀಕ್ಷೆ ಬೇಗನೆ ಎದುರಾಯಿತು. 2025ರ ಅಕ್ಟೋಬರಿನ ಮೊದಲ ವಾರ, ರಣಜಿ ಋತುವಿಗೆ ಮುನ್ನ ಪುಣೆಯ ಬಳಿಯ ಗಹುಂಜೆಯಲ್ಲಿ ಮುಂಬಯಿಯ ವಿರುದ್ಧವೇ ಅಭ್ಯಾಸ ಪಂದ್ಯ. ಹಳೆಯ ತಂಡದೆದುರು ಶಾ 181 ಗಳಿಸಿದ. ಔಟಾಗಿ ಹಿಂದಿರುಗುವಾಗ ಬೌಲರ್ ಮುಷೀರ್ ಖಾನನೊಡನೆ ಜಗಳಕ್ಕಿಳಿದ. ಅಂಪೈರರು ನಡುವೆ ಬರಬೇಕಾಯಿತು. 181ನ್ನು ನೋಡಿ ಜಗಳವನ್ನು ಮರೆಯುವುದು ಸುಲಭ. ಜಗಳವನ್ನು ನೋಡಿ "ನಾವು ಹೇಳಿರಲಿಲ್ಲವೇ" ಎನ್ನುವುದು ಇನ್ನೂ ಸುಲಭ. ಆ ಬಳಿಕ ತಿರುವನಂತಪುರದಲ್ಲಿ ಕೇರಳದ ವಿರುದ್ಧ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 75; ಮುಂದಿನ ಪಂದ್ಯದಲ್ಲಿ 222. ಈ ಏರಿಳಿತವನ್ನು ನೋಡಿ ಹುಡುಗ ಸುಧಾರಿಸಿದನೆಂದೋ ಇಲ್ಲವೆಂದೋ ತೀರ್ಪು ಕೊಡಲು ನಾನು ಸಿದ್ಧನಿಲ್ಲ. 222 ಆತನ ಕೈಗುಣಕ್ಕೆ ಸಾಕ್ಷಿ. ಅದರ ಬಗ್ಗೆ ಯಾರಿಗೂ ಎಂದೂ ಸಂಶಯವಿರಲಿಲ್ಲ.

ಊರು ಬಿಟ್ಟು ಇನ್ನೊಂದೆಡೆ ಬೇರೂರುವುದರಲ್ಲಿ ಒಂದು ಚಿಕಿತ್ಸಕ ಗುಣವಿದೆಯೆಂಬುದನ್ನು ಹೊರನಾಡ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಕರ್ನಾಟಕ ತಂಡದಲ್ಲಿ ಎಡೆ ಸಿಗದೆ, 2022ರ ಡಿಸೆಂಬರಿನಲ್ಲಿ ಕ್ರಿಕೆಟಿನ ಬಳಿಯೇ ಇನ್ನೊಂದು ಅವಕಾಶವನ್ನು ಬೇಡಿದ ಕರುಣ್ ನಾಯರ್ ವಿದರ್ಭಕ್ಕೆ ಹೋದರು. ಅವರ ಶಿಸ್ತಿನ ಬಗ್ಗೆ ಯಾರೂ ಬೆರಳು ತೋರಿದವರಲ್ಲ. ಆದರೂ ತವರಿನ ಬಾಗಿಲು ಮುಚ್ಚಿತ್ತು. ವಿದರ್ಭದ ಪರ 2024-25ರ ರಣಜಿಯಲ್ಲಿ 863 ಓಟ, ತಂಡಕ್ಕೆ ಟ್ರೋಫಿ, 2025ರಲ್ಲಿ ಮತ್ತೆ ಭಾರತ ಟೆಸ್ಟ್ ತಂಡ, ಆಮೇಲೆ ಮರಳಿ ಕರ್ನಾಟಕ. ಹಳೆಯ ಊರಿನಲ್ಲಿ ಮನುಷ್ಯನಿಗೆ ಅವನ ಹಳೆಯ ಹೆಸರೇ ಅಂಟಿಕೊಂಡಿರುತ್ತದೆ. ಹೊಸ ಊರು ಅವನನ್ನು ಕೆಲಸದಿಂದ ಅಳೆಯುತ್ತದೆ. ಈ ಅವಕಾಶ ವಿರಾರಿನ ಹುಡುಗನಿಗೂ ಸಿಗಲಿ ಎಂದು ಹಾರೈಸುವುದರಲ್ಲಿ ತಪ್ಪಿಲ್ಲ.

ಆದರೆ ಈ ಹಾರೈಕೆಗೂ ಒಂದು ಬೆಲೆಯಿದೆ. ಅದನ್ನು ತೆರುವವರು ನಾವಲ್ಲ. ತಂಡದ ಪಟ್ಟಿಯಲ್ಲಿ ಸುಮಾರು ಹದಿನೈದು ಹೆಸರುಗಳಿರುತ್ತವೆ. ಒಬ್ಬ ಒಳಬಂದರೆ ಇನ್ನೊಬ್ಬ ಹೊರಗೆ. ಆ ಹದಿನಾರನೆಯವನ ಹೆಸರು ನಮಗೆ ತಿಳಿಯುವುದಿಲ್ಲ. ಪುಣೆಯಲ್ಲೋ ನಾಸಿಕದಲ್ಲೋ ಕೊಲ್ಲಾಪುರದಲ್ಲೋ ನಸುಕಿಗೆ ಎದ್ದು, ಒಂದು ದಿನವೂ ತಡಮಾಡದೆ ನೆಟ್ಸಿಗೆ ಬಂದವನು ಅವನು. ಪ್ರತಿಭೆಯ ಮೇಲೆ ಕರುಣೆ ತೋರುವ ಉತ್ಸಾಹದಲ್ಲಿ ನಾವು ಅವನನ್ನು ಪಾತ್ರೆಗಳ ಬಳಿಗೆ ಅಟ್ಟಬಾರದು. ನಿನ್ನ ಜಾಗವನ್ನು ಏಕೆ ಕೊಟ್ಟೆವು, ಎಲ್ಲಿಯವರೆಗೆ ಕೊಟ್ಟೆವು, ಆಮೇಲೆ ಅದು ಯಾರಿಗೆ ಎಂಬುದನ್ನು ಅವನ ಮುಖ ನೋಡಿ ಹೇಳುವ ಧೈರ್ಯ ಆಯ್ಕೆಗಾರರಿಗೆ ಇರಬೇಕು. ಆ ಧೈರ್ಯವಿದ್ದವರಿಗೆ ಮಾತ್ರ ಶಾನಂಥವನನ್ನು ಕರೆತರುವ ಅಧಿಕಾರವಿದೆ ಎಂಬುದು ನನ್ನ ಅಭಿಪ್ರಾಯ.

ಕಡೆಯದಾಗಿ ನಮ್ಮ ಅಂಗಳದ ಮಾತು. ನಮ್ಮ ಸಂಘಗಳ ನಾಟಕ, ತಾಳಮದ್ದಳೆ, ಕ್ರೀಡೋತ್ಸವಗಳಲ್ಲಿಯೂ ಇಂಥ ಹುಡುಗರಿದ್ದಾರೆ. ತಾಲೀಮಿಗೆ ಬಾರದಿದ್ದರೂ ರಂಗದ ಮೇಲೆ ಮಿಂಚುವವರು. ಬಹುಮಾನ ತಂದರೆ ನಾವು ಶಾಲು ಹೊದಿಸುವವರು. ಬರುವ ಸಲ ಅಂಥವನೊಬ್ಬ ತಾಲೀಮಿಗೆ ತಡವಾಗಿ ಬಂದಾಗ, ಆತ ಇನ್ನೂ ಚೆನ್ನಾಗಿ ಅಭಿನಯಿಸುತ್ತಿರುವಾಗಲೇ, ಯಾರಾದರೂ ಹಿರಿಯರು ಆತನನ್ನು ಬದಿಗೆ ಕರೆದು ಎರಡು ಮಾತು ಹೇಳಲಿ. ಹೇಳಿದ ಮೇಲೆ ಆತನೊಡನೆ ಸ್ಟೇಷನ್ನಿನವರೆಗೆ ನಡೆದುಹೋಗಲಿ. ಅಡುಗೆಮನೆಯ ಮೆಟ್ಟಿಲಿಳಿಯುತ್ತ ಆ ಭಟ್ಟರು ಕೇಳಿದ್ದು ಅಷ್ಟನ್ನೇ.